ಮಾವ ಹುಡುಕಿದ ಪ್ಲೇಟು

ನಮ್ಮ ಸೋದರಮಾವನಿಗೂ ಸಂಗೀತಕ್ಕೂ ಆಗಿಬರುತ್ತಿರಲಿಲ್ಲ. ಇದು ನನ್ನ ದೂರಲ್ಲ, ಅವರೇ ಒಪ್ಪಿಕೊಂಡ ಮಾತು! ರಾಗ ಯಾವುದು, ತಾಳ ಯಾವುದು ಅಂತ ಕೇಳಿದರೆ, "ಅವೆಲ್ಲ ನಂಗ್ ಗೊತ್ತಿಲ್ಲ ಕಣ್ ಕೂಸೇ. ಕೇಳುದ್ರೆ ಎದೆ ಒಳ್ಗೆ ಏನೋ ಆಯ್ತದೆ, ಅಷ್ಟೇಯ" ಅನ್ನುತ್ತಿದ್ದರು. ಇಂಥ ಮನುಷ್ಯ ಸುತ್ತಮುತ್ತಲ ಊರುಗಳಲ್ಲಿ ಹಳೇ ಗ್ರಾಮಫೋನ್ ಪ್ಲೇಟುಗಳ ಬೆನ್ನುಹತ್ತಿ ತಿರುಗುತ್ತಿದ್ದರು ಅಂದರೆ ನಂಬುತ್ತೀರಾ? ಅವರ ಮನೆಯಲ್ಲೇ ವರ್ಷಗಟ್ಟಲೆ ಅನ್ನ ತಿನ್ನದೇ ಹೋಗಿದ್ದರೆ ನಾನೂ ನಂಬುತ್ತಿರಲಿಲ್ಲ.

ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ನನಗೆ ಅಲ್ಲಿಯ ಪ್ರೈಮರಿ ಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ಮಾವನ ಮನೆಯಲ್ಲೇ ಉಳಿದೆ. ಅವರದು ಪೇಟೆಯಲ್ಲಿ ಜವಳಿ ಅಂಗಡಿ. ನನಗೊಂದು ಕೋಣೆ ಕೊಟ್ಟರು, ಕೋಣೆಯಲ್ಲೊಂದು ಮಂಚವೂ ಇತ್ತು. ಆದರೆ ಮಂಚದ ಮೇಲೆ, ಮೆತ್ತನೆ ಹಾಸಿಗೆಯ ಮೇಲೆ, ಪ್ಲೇಟುಗಳು ಮಲಗಿದ್ದವು! ನನಗೆ ನೆಲದ ಮೇಲೆ ಚಾಪೆ.

"ಮಾವ, ಅವುನ್ನ ಕೆಳಗಿಟ್ರೆ ಆಗಲ್ವಾ?" ಅಂದೆ.

"ಚಳಿಗೆ, ಬಿಸ್ಲಿಗೆ ಅವು ಬಗ್ಗೋಯ್ತವೆ ಕೂಸೇ. ನೀನು ಬಗ್ಗಕಿಲ್ಲ."

ನಮ್ಮತ್ತೆಯ ಮದುವೆ ಟ್ರಂಕಿನ ಕತೆಯೂ ಇದೇ. ಧಾರೆ ಸೀರೆ ಹೊರಗೆ ಬಂದು ಹಗ್ಗದ ಮೇಲೆ ನೇತಾಡುತ್ತಿತ್ತು, ಒಳಗೆ ಪ್ಲೇಟುಗಳು ಹಳೇ ಪಂಚೆ ಹೊದ್ದುಕೊಂಡು ಕೂತಿದ್ದವು. ಅತ್ತೆ ಜಗಳವಾಡುವ ಹೆಂಗಸಲ್ಲ. ವಾರಕ್ಕೊಮ್ಮೆ ಮಾತ್ರ ಸೆರಗು ಬಿಗಿದು ಕೇಳುತ್ತಿದ್ದರು: "ಅಲ್ಲ ಕಣ್ರೀ, ಇವುನ್ನ ಒಲೆ ಮ್ಯಾಲಿಟ್ರೆ ರೊಟ್ಟಿನಾದ್ರೂ ಬೇಯ್ತದಾ?"

ಮಾವ ಹನೂರಿನ ಸಂತೆಗೆ ಬಟ್ಟೆ ಗಂಟು ಹೊತ್ತು ಹೋಗುವುದು ವ್ಯಾಪಾರಕ್ಕೆ ಅಂತ ಊರೆಲ್ಲ ತಿಳಿದಿತ್ತು. ನಿಜಕ್ಕೂ ಹೋಗುತ್ತಿದ್ದದ್ದು ಬೀದಿ ಬೀದಿ ಸುತ್ತಿ, ಬಾಗಿಲಲ್ಲಿ ನಿಂತು, "ಹಳೇ ಪ್ಲೇಟ್ ಇದ್ರೆ ಕೊಡ್ರವ್ವಾ, ರವಿಕೆ ಕಣ ಕೊಡ್ತೀನಿ" ಅನ್ನೋದಕ್ಕೆ. ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಮಜ್ಜಿಗೆ ಮಡಕೆಗೆ ಪ್ಲೇಟನ್ನೇ ಮುಚ್ಚಿದ್ದರು! ಮಾವ ಗಂಟು ಅಲ್ಲೇ ಇಳಿಸಿದರಂತೆ. ರವಿಕೆ ಕಣ ಕೊಡುತ್ತೇನೆ ಅಂದರು. ಅಜ್ಜಿ ಜಗ್ಗಲಿಲ್ಲ. "ರವಿಕೆ ಕಣ ಮಡಕೆಗೆ ಮುಚ್ಚಾಕಾಯ್ತದಾ ಮೊಗ?" ಎಷ್ಟು ನ್ಯಾಯವಾದ ಮಾತು! ಮಾವ ಸಂತೆಗೆ ಓಡಿ ಹಿತ್ತಾಳೆ ಮುಚ್ಚಳ ತಂದುಕೊಟ್ಟು ಪ್ಲೇಟು ಬಿಡಿಸಿಕೊಂಡರು. ಮುಂದಿನ ಸಂತೆಗೆ ಹೋದಾಗ ಆ ಬೀದಿಯ ಹೆಂಗಸರು ಸೀದುಹೋದ ಕಾವಲಿ, ಬಿರುಕುಬಿಟ್ಟ ಹೆಂಚು ಹಿಡಿದು ಸಾಲಾಗಿ ನಿಂತಿದ್ದರಂತೆ. "ಸಾ, ಇದೂ ಆಡ್ತದಾ ನೋಡಿ ಸಾ!"

ಇಷ್ಟೆಲ್ಲ ಯಾಕೆ ಅಂತ ಒಂದು ಭಾನುವಾರ ಕೇಳಿಯೇಬಿಟ್ಟೆ. ಮಾವ ಗ್ರಾಮಫೋನಿನ ಮುಳ್ಳು ಒರೆಸುತ್ತಾ ಕೂತಿದ್ದರು. ಒರೆಸುತ್ತಲೇ ಹೇಳಿದರು. ಮೀಸೆ ಮೂಡುತ್ತಿದ್ದ ವಯಸ್ಸಿನಲ್ಲಿ ಯಾರದೋ ಮದುವೆಗೆ ಹೋಗಿದ್ದರಂತೆ. ಚಪ್ಪರದಲ್ಲಿ ಪ್ಲೇಟು ಹಾಕಿದ್ದರು. ಒಂದು ಹೆಣ್ಣು ದನಿ, ಎಳೆಯದು. "ಇಳಿಹೊತ್ತಾಯ್ತು ಬಾರೇ, ದಾರಿ ಕಾಣುವಾಗಲೇ ಬಾರೇ" ಅಂತ ಯಾರನ್ನೋ ಕರೆಯುತ್ತಿತ್ತು. ಅಷ್ಟರಲ್ಲಿ ಓಲಗದವರು ಬಂದರು, ಯಾರೋ ಪ್ಲೇಟು ತೆಗೆದುಬಿಟ್ಟರು.

"ಆ ವರ್ಸ ನಮ್ಮವ್ವ ತೀರೋಗಿದ್ಲು. ನಾನೇ ಅವ್ವುನ್ನ ಕರ್ದಂಗಾಯ್ತು ಕಣ್ ಕೂಸೇ. ಪೂರ್ತಿ ಕೇಳಾಕೆ ಬುಡ್ಲಿಲ್ಲ" ಅಂದರು.

ಅವತ್ತಿನಿಂದ ಹುಡುಕಾಟ. ಆದರೆ ಹಾಡಿದವರು ಯಾರು ಅಂತ ಗೊತ್ತಿಲ್ಲ, ಎರಡನೇ ಸಾಲು ಗೊತ್ತಿಲ್ಲ. ಗೊತ್ತಿದ್ದದ್ದು ಒಂದು ಸಾಲು, ಅದನ್ನು ಮಾವ ಹಾಡಿ ತೋರಿಸಬೇಕು! ಇದೇ ನೋಡಿ ದೊಡ್ಡ ತೊಡಕು. ಅವರು ಹಾಡಿದರೆ ಆ ಹಾಡು ಬರೆದವರಿಗೂ ಗುರುತು ಸಿಗುತ್ತಿರಲಿಲ್ಲ. ಮಾರ್ಟಳ್ಳಿಯಲ್ಲೊಬ್ಬರು ತಮಿಳು ಮಾತಾಡುವ ಕಾಫಿ ಹೋಟೆಲಿನವರು ರಾಶಿ ಪ್ಲೇಟು ಇಟ್ಟುಕೊಂಡಿದ್ದಾರೆ ಅಂತ ಕೇಳಿ ಮಾವ ಅಲ್ಲಿಗೂ ಹೋದರು. ಬೆಂಚಿನ ಮೇಲೆ ಕೂತು, ಕಣ್ಣು ಮುಚ್ಚಿ, ಹೊಟ್ಟೆ ಹಿಡಿದುಕೊಂಡು ಆ ಸಾಲು ಹಾಡಿದರು. ಹೋಟೆಲಿನವರು ಗಾಬರಿಯಿಂದ ಓಡಿಬಂದು, "ಅಯ್ಯೋ ಸಾಮೀ, ವಯಿತ್ತ್ ನೋವಾ? ಇರಿ ಇರಿ" ಅಂತ ಹೊಟ್ಟೆನೋವಿಗೆ ಬಿಸಿಬಿಸಿ ಒಣಶುಂಠಿಯ ಸುಕ್ಕು ಕಾಫಿ ಕೊಟ್ಟರಂತೆ!

ಆ ಕಾಫಿ ಕುಡಿದ ಮೇಲೆ ಗೆಳೆತನವಾಯಿತು. ತಿಂಗಳಿಗೊಮ್ಮೆ ಹೋಗುವುದು, ಇವರದೊಂದು ಪ್ಲೇಟು ಕೊಟ್ಟು ಅವರದೊಂದು ತರುವುದು. ಹೀಗೆ ಹತ್ತು ವರ್ಷವಾಗುತ್ತಾ ಬಂದಿರಬೇಕು. ಒಂದು ದಿನ ಹೋಟೆಲಿನವರು ಪಾಲಾರಿನ ಕಡೆಯಿಂದ ಹೊಸದಾಗಿ ಬಂದ ಕಟ್ಟು ಬಿಚ್ಚಿ, ಒಂದೊಂದೇ ಹಾಕಿ ನೋಡುತ್ತಿದ್ದಾಗ ಮಾವನ ಕೈಯಲ್ಲಿದ್ದ ಇಡ್ಲಿ ಕೈಯಲ್ಲೇ ನಿಂತಿತು. ಅದೇ ದನಿ! ಅದೇ "ಬಾರೇ"!

ಹೋಟೆಲಿನವರು ಒಳ್ಳೆಯವರೇ. ಆದರೆ ಮೀನು ಗಾಳಕ್ಕೆ ಬಿದ್ದದ್ದು ನೋಡಿಯೂ ದಾರ ಬಿಟ್ಟುಬಿಡುವಷ್ಟು ಒಳ್ಳೆಯವರಲ್ಲ. "ಇದಕ್ಕೆ ನಿಮ್ಮತ್ರ ಇರೋ ಪ್ಲೇಟು ಪೂರಾ" ಅಂದರು. ಮಾವ ಹೂಂ ಅಂದುಬಿಟ್ಟರು! ಮಾರನೇ ದಿನ ಬೆಳಿಗ್ಗೆ ಟ್ರಂಕಿನದೂ ಮಂಚದ ಮೇಲಿನದೂ ಎಲ್ಲ ಪ್ಲೇಟು ಬಸ್ ಹತ್ತಿದವು. ನನಗೆ ಮಂಚ ಸಿಕ್ಕಿತು, ಅತ್ತೆಗೆ ಟ್ರಂಕು ಸಿಕ್ಕಿತು. ಧಾರೆ ಸೀರೆ ಮಡಿಸಿ ಒಳಗಿಟ್ಟು ಮುಚ್ಚಳ ಹಾಕಿದ ಅತ್ತೆ ಅದರ ಮೇಲೇ ಕೂತು, "ಮನೆ ಬಿಕೋ ಅಂತದಲ್ಲಾ" ಅಂತ ಕಣ್ಣೊರೆಸಿಕೊಂಡರು. ಇದಕ್ಕೇನಂತೀರಿ?

ಆ ಒಂದು ಪ್ಲೇಟನ್ನು ಮಾವ ದಿನಾ ಕೇಳಿದರು. ಅದರ ನಡುವಿನ ಕಾಗದ ಅರ್ಧ ಕಿತ್ತುಹೋಗಿತ್ತು. "ಕುಮಾರಿ" ಅಂತ ಶುರುವಾಗಿ, ಹೆಸರಿನ ಜಾಗ ಹರಿದು, ಕೊನೆಯಲ್ಲಿ "ಯಳಂದೂರು" ಅಂತ ಮಾತ್ರ ಉಳಿದಿತ್ತು. ಸ್ಕೂಲಿನಲ್ಲಿ ಇದನ್ನು ಹೇಳಿಕೊಂಡು ನಗುತ್ತಿದ್ದಾಗ, ಯಳಂದೂರಿನಿಂದ ಬರುತ್ತಿದ್ದ ನನ್ನ ಜೊತೆಯ ಟೀಚರು ನಗಲಿಲ್ಲ. "ನಮ್ಮ ಬೀದಿ ಕೊನೇ ಮನೆಯಮ್ಮ ಚಿಕ್ಕೋಳಿದ್ದಾಗ ಬೆಂಗಳೂರಿಗೆ ಹೋಗಿ ಪ್ಲೇಟಿಗೆ ಹಾಡಿದ್ದಳು ಅಂತ ನಮ್ಮಜ್ಜಿ ಹೇಳೋರು" ಅಂದಳು.

ಮುಂದಿನ ಭಾನುವಾರವೇ ನಾನು, ಮಾವ ಯಳಂದೂರಿಗೆ ಹೊರಟೆವು. ಗ್ರಾಮಫೋನ್ ಪೆಟ್ಟಿಗೆ ಮಾವನ ತೊಡೆಯ ಮೇಲೆ, ಪ್ಲೇಟು ನನ್ನ ತೊಡೆಯ ಮೇಲೆ. "ಏನ್ ಸಾ, ಕೋಳಿಯಾ?" ಅಂದ ಕಂಡಕ್ಟರ್. "ಕೋಗಿಲೆ" ಅಂದರು ಮಾವ!

ಬಾಗಿಲು ತೆಗೆದವರಿಗೆ ಐವತ್ತರ ಆಸುಪಾಸು. ವಿಧವೆ. ನಮ್ಮನ್ನು ಜಗಲಿಯಲ್ಲಿ ಕೂರಿಸಿ, ತಾವೂ ಅವರೆಕಾಯಿ ಸುಲಿಯುತ್ತಾ ಕೂತರು. ವಿಷಯ ಹೇಳಿದಾಗ ಮೊದಲು ಒಳಗಿನ ಅಡುಗೆಮನೆ ಕಡೆ ನೋಡಿದರು. ಆಮೇಲೆ ಮೆಲ್ಲಗೆ, "ಅದ್ಯಾರಿಗೂ ಗೊತ್ತಿಲ್ಲ. ನನ್ ಮಗಂಗೂ ಗೊತ್ತಿಲ್ಲ" ಅಂದರು. ಹದಿನೈದು ವರ್ಷಕ್ಕೆ ಅಪ್ಪ ಕರೆದುಕೊಂಡು ಹೋಗಿ ಹಾಡಿಸಿದ್ದರು. ಅದೇ ವರ್ಷ ಮದುವೆಯಾಯಿತು. ಮನೆಗೆ ಬಂದ ಒಂದೇ ಒಂದು ಪ್ಲೇಟನ್ನು ಅವರ ಮಾವನವರು ಒಲೆಗೆ ಹಾಕಿದರು.

"ಹಂಗಾದ್ರೆ ನೀವು ಕೇಳೇ ಇಲ್ವಾ?" ಅಂದರು ನಮ್ಮ ಮಾವ.

"ಇಲ್ಲ."

ಮಾವ ಕೀ ಕೊಟ್ಟರು. ಮುಳ್ಳು ಕೆರೆಯಿತು, ಆ ಎಳೇ ದನಿ ಜಗಲಿಯ ತುಂಬ ಹರಡಿತು. ಆಕೆಯ ಮಡಿಲಿನ ಅವರೆಕಾಯಿ ನೆಲಕ್ಕೆ ಚೆಲ್ಲಿತು, ಯಾರೂ ಆರಿಸಲಿಲ್ಲ. ಅಡುಗೆಮನೆಯಿಂದ ಸೊಸೆ ರುಬ್ಬುತ್ತಿದ್ದ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು. ಪೆಟ್ಟಿಗೆ ನೋಡಿದಳು, ಅತ್ತೆಯ ಮುಖ ನೋಡಿದಳು. "ಅತ್ತೇ... ಇದು ನೀವಾ?"

ಹಾಡು ಮುಗಿಯಿತು. ಆಕೆ ಅಂದರು: "ಎರಡನೇ ಸಾಲಲ್ಲಿ ತಪ್ಪೋಗದೆ. ಉಸ್ರು ಸಾಲಲಿಲ್ಲ. ಇನ್ನೊಂದ್ ಸಲ ಆಡ್ತೀನಿ ಅಂದೆ, ಆಗಲ್ಲ ಅಂದ್ರು." ಅಂದವರು ಸೆರಗು ಸರಿಮಾಡಿಕೊಂಡು ಆ ಒಂದು ಸಾಲನ್ನು ಹಾಡಿದರು. ದನಿ ಒಡೆದಿತ್ತು. ಆದರೆ ಉಸಿರು ಕೊನೇವರೆಗೂ ನಿಂತಿತು. ಹಾಡಿ, ಹದಿನೈದರ ಹುಡುಗಿಯ ಹಾಗೆ ಸೊಸೆಯ ಮುಖ ನೋಡಿ, "ಈಗ ಸರಿ ಬಂತಾ?" ಅಂದರು. ಸೊಸೆ ಅತ್ತೆಯ ಪಕ್ಕದಲ್ಲಿ ಕೂತುಬಿಟ್ಟಳು.

ನಾವು ಎದ್ದಾಗ ಮಾವ ಪೆಟ್ಟಿಗೆಗೆ ಕೈ ಹಾಕಲಿಲ್ಲ. ಪ್ಲೇಟಿಗೂ ಹಾಕಲಿಲ್ಲ. "ಮುಳ್ಳು ಆಗಾಗ ಬದ್ಲಾಯಿಸ್ಬೇಕು ಕಣಮ್ಮ" ಅಂತ ಸೊಸೆಗೆ ಹೇಳಿ, ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು.

ವಾಪಸ್ ಬಸ್ಸಿನಲ್ಲಿ ಸಂತೇಮರಹಳ್ಳಿ ಕಡೆಯಿಂದ ಬಂದವರೆಲ್ಲ ಗದ್ದಲ ಮಾಡುತ್ತಿದ್ದರು. ಮಾವನ ಎರಡೂ ಕೈ ಬರಿದಾದ ತೊಡೆಯ ಮೇಲೆ ಎಲ್ಲಿಡಬೇಕು ಅಂತ ತಿಳಿಯದೆ ಹೊರಳಾಡುತ್ತಿದ್ದವು.

"ಬೇಜಾರಾ ಮಾವ?"

"ಇಲ್ಲ ಕಣ್ ಕೂಸೇ. ಅದು ಆಯಮ್ಮನ್ದೇ ಅಲ್ವಾ?" ಅಂದರು. ಕಿಟಕಿಯಾಚೆ ಗದ್ದೆಗಳು ಹಿಂದಕ್ಕೆ ಓಡುತ್ತಿದ್ದವು. ಒಂದಷ್ಟು ದೂರ ಹೋದ ಮೇಲೆ, ನನ್ನನ್ನಲ್ಲ, ಆ ಗದ್ದೆಗಳನ್ನು ಕೇಳುವ ಹಾಗೆ ಅಂದರು:

"ಇನ್ ಮ್ಯಾಲೆ ಸಂತೆಗೋದ್ರೆ, ಏನ ಹುಡಿಕ್ಕಂಡು ಓಗ್ಲಿ?"

ಅವರ ಕೈ ತೆಗೆದುಕೊಂಡು ನನ್ನ ಕೈಯೊಳಗೆ ಇಟ್ಟುಕೊಂಡೆ. ಕೊಳ್ಳೇಗಾಲ ಬರುವವರೆಗೂ ಬಿಡಲಿಲ್ಲ.