ದುಂಡು ದಾರಿಯಲ್ಲಿ ಮಾತು ಬಿಟ್ಟವರು

ಮಾತು ಬಿಟ್ಟವರು ನೇರ ರಸ್ತೆಯಲ್ಲಿ ನಡೆಯಬೇಕು, ದುಂಡು ದಾರಿಗೆ ಹೋಗಬಾರದು. ನೇರ ರಸ್ತೆಯಲ್ಲಿ ಎದುರಾದವರು ಒಂದು ಸಲ ಎದುರಾಗಿ ಮುಗಿಯುತ್ತಾರೆ. ದುಂಡು ದಾರಿಯಲ್ಲಿ ಹಾಗಲ್ಲ. ಈ ಕಡೆ ಮುಖ ತಿರುಗಿಸಿಕೊಂಡು ಹೋದ ಮನುಷ್ಯ ಏಳೆಂಟು ನಿಮಿಷಕ್ಕೆ ಆ ಕಡೆಯಿಂದ ಬಂದೇ ಬರುತ್ತಾನೆ. ಈ ಸತ್ಯ ನನಗೆ ಗೊತ್ತಾಗಿದ್ದು ಐವತ್ತೆಂಟನೇ ವಯಸ್ಸಿಗೆ, ಸಕ್ಕರೆ ಕಾಯಿಲೆ ಬಂದ ಮೇಲೆ.

ದಿನಾ ಮುಕ್ಕಾಲು ಗಂಟೆ ನಡೆಯಬೇಕು ಎಂದರು ಡಾಕ್ಟರು. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ನಡೆಯುವುದೆಂದರೆ ಗಾಡಿಗೊಂದು ಸಲ, ನಾಯಿಗೊಂದು ಸಲ ದಾರಿ ಬಿಟ್ಟು ನಿಲ್ಲುವುದೇ ಹೆಚ್ಚು. ಅದಕ್ಕೆ ನನ್ನ ಹೆಂಡತಿ ಜಯಮ್ಮ ಊರಾಚೆಯ ಸ್ಲೇಟ್ ಬಂಡೆ ಸುತ್ತಿ ಬನ್ನಿ ಎಂದಳು. ಹೆಸರಿಗೆ ಮಾತ್ರ ಸ್ಲೇಟು. ಕಲ್ಲು ಕರ್ರಗೆ ಚಪ್ಪಟೆಯಾಗಿ ಏಳುತ್ತಿತ್ತೆಂದು ಹಳಬರು ಹಾಗೆ ಕರೆದರು. ನಮ್ಮ ಬೀದಿಯ ಅರ್ಧ ಮನೆಗಳ ಚಪ್ಪಡಿ ಅಲ್ಲಿಯದೇ. ಕ್ವಾರಿ ನಿಂತು ಎಷ್ಟೋ ವರ್ಷವಾಯಿತು. ಗುಂಡಿಯ ತುಂಬ ಹಸಿರು ನೀರು, ಅದರ ಸುತ್ತ ಲಾರಿ ಓಡಾಡಿ ಗಟ್ಟಿಯಾದ ಮಣ್ಣುದಾರಿ. ಏರಿಲ್ಲ, ಇಳುಕಲಿಲ್ಲ. ಹೊಂಗೆಮರದ ಹತ್ತಿರ ಹೊರಟರೆ ಕಾಲು ಗಂಟೆಗೆ ಮತ್ತೆ ಹೊಂಗೆಮರ. ಮೂರು ಸುತ್ತು ಹಾಕಿದರೆ ಡಾಕ್ಟರ ಮಾತು ನಡೆಸಿದಂತೆ.

ಮೊದಲ ದಿನವೇ ಎದುರಿಗೆ ಚನ್ನಪ್ಪ ಬಂದ. ಚನ್ನಪ್ಪ ನನ್ನ ಷಡ್ಡಕ, ಜಯಮ್ಮನ ತಂಗಿಯ ಗಂಡ. ಅವನಿಗೂ ಸಕ್ಕರೆ, ಅವನಿಗೂ ಅದೇ ಡಾಕ್ಟರು. ಅಕ್ಕತಂಗಿಯರು ಫೋನಿನಲ್ಲಿ ಮಾತಾಡಿಕೊಂಡೇ ಇಬ್ಬರನ್ನೂ ಒಂದೇ ಕಡೆ ಅಟ್ಟಿದ್ದರೆಂದು ನನಗೆ ಆಮೇಲೆ ಹೊಳೆಯಿತು. ನಾವಿಬ್ಬರೂ ಮಾತು ಬಿಟ್ಟು ಆಗ ಎಂಟು ತಿಂಗಳು.

ಕಾರಣ ಹೇಳಲು ನಾಚಿಕೆ, ಆದರೂ ಹೇಳುತ್ತೇನೆ. ನಾನು ಮಗ್ಗದ ಕೆಲಸ ಮಾಡಿಕೊಂಡೇ ಮೂವತ್ತೊಂಬತ್ತನೇ ವಯಸ್ಸಿನಲ್ಲಿ ಎಸ್ಸೆಸ್ಸೆಲ್ಸಿ ಪಾಸು ಮಾಡಿದವನು. ನೆಂಟರಲ್ಲಿ ಅರ್ಜಿ ಬರೆಯುವುದು, ಪತ್ರ ಓದುವುದು ಎಲ್ಲ ನನ್ನದೇ. ಚನ್ನಪ್ಪನ ಮಗಳು ಪವಿತ್ರಳ ಮದುವೆ ಗೊತ್ತಾದಾಗ ಅವನು ಮನೆಗೆ ಬಂದು, ಓದಿದೋರು ನೀವೊಬ್ರೇ, ಲಗ್ನಪತ್ರಿಕೆ ನಿಮ್ಮ ಕೈಯಲ್ಲೇ ಆಗಬೇಕು ಅಂದ. ನಾನು ಮೂರು ಸಂಜೆ ಕೂತು ಬರೆದೆ. ನಮ್ಮ ಕಡೆ ಬಾಯಲ್ಲಿ ‘ಹ’ ನಿಲ್ಲುವುದಿಲ್ಲ. ಹಾಲು ಆಲು, ಹೂವು ಊವು. ಬಾಯಲ್ಲಿ ನಿಲ್ಲದ್ದು ನನ್ನ ಬರಹದಲ್ಲೂ ನಿಲ್ಲಲಿಲ್ಲ. ‘ತಾವು ಸಕುಟುಂಬ ಸಮೇತ ಬಂದು ವಧೂವರರನ್ನು ಹರಸಬೇಕು’ ಎನ್ನುವ ಕಡೆ ‘ಅರಸಬೇಕು’ ಎಂದು ಬರೆದೆ. ಪ್ರೆಸ್ಸಿನವರು ಬರೆದುಕೊಟ್ಟಿದ್ದನ್ನು ಹಾಗೇ ಅಚ್ಚು ಹಾಕಿದರು. ಆಶೀರ್ವಾದ ಮಾಡಿ ಎನ್ನುವ ಬದಲು, ಬಂದು ಹುಡುಗ ಹುಡುಗೀನ ಹುಡುಕಿ ಎಂದು ಊರಿಗೆಲ್ಲ ಹಂಚಿದಂತಾಯಿತು.

ಗಂಡಿನ ಸೋದರಮಾವ ತ್ಯಾಮಗೊಂಡ್ಲು ಕಡೆಯ ನಿವೃತ್ತ ಮೇಷ್ಟ್ರು. ಛತ್ರದಲ್ಲಿ ಪತ್ರಿಕೆಯನ್ನು ದೂರ ಹಿಡಿದು ಗಟ್ಟಿಯಾಗಿ ಓದಿ, “ಏನಪ್ಪಾ, ಎಣ್ಣು ಎಲ್ಲಾರಾ ಕಳದೋಗದೋ?” ಎಂದರು. ಎಲ್ಲರೂ ನಕ್ಕರು. ಚನ್ನಪ್ಪ ನಗಲಿಲ್ಲ. ಪವಿತ್ರಳಿಗೆ ಅದಕ್ಕೆ ಮುಂಚೆ ಒಂದು ಸಂಬಂಧ ಮುರಿದುಬಿದ್ದು, ಜನ ಇಲ್ಲಸಲ್ಲದ್ದು ಆಡಿಕೊಂಡಿದ್ದರು. ಆಗ ನಾನು ತಪ್ಪಾಯಿತು ಅಂದಿದ್ದರೆ ಮುಗಿಯುತ್ತಿತ್ತು. ಬದಲಿಗೆ, ಅರಸು ಅಂದರೆ ರಾಜ, ಅರಸಬೇಕು ಅಂದರೆ ರಾಜರ ಹಾಗೆ ಕಾಣಬೇಕು ಅಂತಲೂ ಅರ್ಥ ಬರುತ್ತದೆ ಎಂದು ವಾದಿಸಿದೆ. ಓದಿದೋರ ಸಹವಾಸ ಸಾಕು ಎಂದು ಚನ್ನಪ್ಪ, ನನಗೆ ಕೇಳುವಷ್ಟೇ ಮೆತ್ತಗೆ, ಹೆಂಡತಿಗೆ ಹೇಳಿದ.

ಹೀಗೆ ಬಂಡೆಯ ಸುತ್ತ ಅವನು ಬಲಕ್ಕೆ, ನಾನು ಎಡಕ್ಕೆ. ಮೂರು ಸುತ್ತಿಗೆ ಆರು ಸಲ ಮುಖಾಮುಖಿ. ಮೊದಲ ಸಲ ನಾನು ನೀರು ನೋಡುತ್ತಿದ್ದೆ, ಎರಡನೇ ಸಲ ಫೋನು, ಮೂರನೇ ಸಲ ಆಕಾಶ. ಆಮೇಲೆ ನೋಡಲು ಏನೂ ಉಳಿಯುತ್ತಿರಲಿಲ್ಲ. ಇದಾಗದೆಂದು ಒಂದು ದಿನ ನಾನೂ ಬಲಕ್ಕೇ ತಿರುಗಿದೆ. ಆಗ ಅವನ ಬೆನ್ನು ಸಿಕ್ಕಿತು. ಅವನನ್ನು ದಾಟಿದರೆ ಸೊಕ್ಕು ಅಂದುಕೊಳ್ಳುತ್ತಾನೆಂದು ನಾನು ನಿಧಾನ ಮಾಡಿದೆ. ಮುಂದೆ ಓಡಿದರೆ ಹೆದರಿದ ಅಂದುಕೊಳ್ಳುತ್ತಾನೆಂದು ಅವನೂ ನಿಧಾನ ಮಾಡಿದ. ಆವತ್ತು ಮುಕ್ಕಾಲು ಗಂಟೆಯಲ್ಲಿ ಒಂದು ಸುತ್ತೂ ಮುಗಿಯಲಿಲ್ಲ. ಅಲ್ಲಿ ಮೇಕೆ ಮೇಯಿಸುವ ಮುನಿಯಮ್ಮ ಎಲ್ಲ ನೋಡುತ್ತಿದ್ದಳು. ಮರುದಿನ ನಾವು ಮತ್ತೆ ಎದುರುಬದುರು ಹೊರಟಾಗ ನನ್ನನ್ನು ನಿಲ್ಲಿಸಿ, “ಗಾಣದೆತ್ತಾದ್ರೂ ಒಂದೇ ಕಡೀಕೆ ಸುತ್ತುತವೆ. ನೀವ್ಯಾಕಣ್ಣಾ ಅತ್ಲಾಗೊಬ್ರು ಇತ್ಲಾಗೊಬ್ರು?” ಎಂದಳು. ಡಾಕ್ಟರು ಹೇಳಿದ್ದಾರೆ ಎಂದೆ.

ಹೋದ ತಿಂಗಳು ಒಂದು ಬೆಳಿಗ್ಗೆ ಮೊದಲ ಸಲ ಎದುರಾಗಿ ಹೋದ ಚನ್ನಪ್ಪ ಎರಡನೇ ಸಲ ಬರಲಿಲ್ಲ. ನೀರು ನೋಡಲು ಸಿದ್ಧವಾಗಿದ್ದೆ, ಆದರೆ ಮುಖ ತಿರುಗಿಸಿಕೊಳ್ಳಲು ಎದುರಿಗೆ ಆಳೇ ಇಲ್ಲ. ಎದುರಾಗುತ್ತಿದ್ದ ಜಾಗ ದಾಟಿ ಮುಂದೆ ಹೋದೆ. ಇಲ್ಲ. ಆ ಗುಂಡಿಗೆ ಬೇಲಿಯಿಲ್ಲ. ಇಷ್ಟು ತಿಂಗಳು ಇವನ ಮುಖ ಕಾಣದಿದ್ದರೆ ಸಾಕೆಂದಿದ್ದವನು, ಚಪ್ಪಲಿ ಕೈಯಲ್ಲಿ ಹಿಡಿದು ಓಡಿದೆ. ಹಸಿರು ನೀರಿನಲ್ಲಿ ಒಂದು ಬಿಳಿ ಚೀಲ ತೇಲುವುದು ಕಂಡು, ಅವನ ಅಂಗಿಯೇನೋ ಎಂದು ಅಂಚಿಗೆ ಬಗ್ಗಿ ನೋಡಿದೆ. ತಿರುವಿನಲ್ಲಿ ನೋಡಿದರೆ ಚನ್ನಪ್ಪ ಒಂದು ಚಪ್ಪಡಿಯ ಮೇಲೆ ಕೂತಿದ್ದ. ಅಂಗಿ ಬೆವರಿಗೆ ಒದ್ದೆ, ಕೈ ನಡುಗುತ್ತಿತ್ತು. ಮಾತ್ರೆ ನುಂಗಿ, ತಿಂಡಿ ತಿನ್ನದೆ ಬಂದುಬಿಟ್ಟಿದ್ದ. ಸಕ್ಕರೆ ಇಳಿದಿತ್ತು.

ಇಲ್ಲಿ ಇನ್ನೊಂದು ವಿಷಯ ಒಪ್ಪಿಕೊಳ್ಳಬೇಕು. ನಡೆದಿದ್ದಕ್ಕೆ ಬಹುಮಾನವೆಂದು ನಾನು ದಿನಾ ಜೇಬಿನಲ್ಲಿ ಒಂದು ಕೊಬ್ಬರಿ ಮಿಠಾಯಿ ತರುತ್ತಿದ್ದೆ. ಜಯಮ್ಮನಿಗೆ ಗೊತ್ತಿರಲಿಲ್ಲ. ಅದನ್ನು ಮುರಿದು ಅವನ ಬಾಯಿಗಿಟ್ಟೆ. ಮುನಿಯಮ್ಮ ನೀರಿನ ಬಾಟ್ಲಿ ತಂದಳು. ನಡುಕ ನಿಲ್ಲುವವರೆಗೂ ಅವನ ಕೈ ಹಿಡಿದುಕೊಂಡೇ ಕೂತಿದ್ದೆ.

“ಆ ಪತ್ರಿಕೇದು ತಪ್ಪು ನಂದೇ ಕಣಪ್ಪ,” ಎಂದೆ.

ಚನ್ನಪ್ಪ ಮಿಠಾಯಿ ನುಂಗಿ, “ಅದು ನಂಗೊತ್ತಿಲ್ವಾ ಅಣ್ಣ. ನಿಮಗೆ ಗೊತ್ತಾಗ್ಲಿ ಅಂತ ಕಾಯ್ತಿದ್ದೆ,” ಎಂದ. ಬಾಟ್ಲಿಯ ನೀರು ಕುಡಿದು, “ಅರಸು ಅಂದ್ರೆ ರಾಜ ಅಂತೆ,” ಎಂದು ಗೊಣಗಿ ನಕ್ಕ. ಉಳಿದ ಮಿಠಾಯಿಯನ್ನೂ ಅವನ ಬಾಯಿಗೆ ತುರುಕಿದೆ.

ಅವನು ಪ್ರಾಮಾಣಿಕ. ಮನೆಗೆ ಹೋಗಿ ನಡೆದಿದ್ದನ್ನೆಲ್ಲ ಹೇಳಿದ, ಮಿಠಾಯಿಯನ್ನೂ ಬಿಡಲಿಲ್ಲ. ಅಕ್ಕತಂಗಿಯರ ಫೋನು ನನ್ನ ಕಾಲಿಗಿಂತ ಜೋರು. ನಾನು ಮನೆ ಮುಟ್ಟುವಷ್ಟರಲ್ಲಿ ಜಯಮ್ಮ ಬಾಗಿಲಲ್ಲೇ ಇದ್ದಳು. ಈಗ ದಿನಾ ಬೆಳಿಗ್ಗೆ ನನ್ನ ಜೇಬು ತಡವಿಯೇ ಕಳಿಸುತ್ತಾಳೆ. ಚನ್ನಪ್ಪನ ಜೇಬಿಗೆ ಮಾತ್ರ ಅವನ ಹೆಂಡತಿಯೇ ಎರಡು ಮಿಠಾಯಿ ಹಾಕಿ ಕಳಿಸುತ್ತಾಳೆ, ಯಾರಿಗಾದರೂ ಸುಸ್ತಾದರೆ ಇರಲಿ ಅಂತ. ಇಬ್ಬರೂ ಒಂದೇ ಕಡೆ, ಮಾತಾಡಿಕೊಂಡು ನಡೆಯುತ್ತೇವೆ. ಏನು ಕಾರಣವೋ ಡಾಕ್ಟರಿಗೂ ತಿಳಿಯುತ್ತಿಲ್ಲ, ಎರಡನೇ ಸುತ್ತು ಮುಗಿಯುವ ಹೊತ್ತಿಗೆ ದಿನವೂ ಇಬ್ಬರಿಗೂ ಸುಸ್ತಾಗುತ್ತದೆ.