ನಮ್ಮ ತೇಗದ ಬಾಗಿಲಿನ ಬಣ್ಣ ಕಿತ್ತವರಿಗೆ

ಬಣ್ಣ ಕೀಳುವ ದ್ರಾವಣ ತಯಾರಿಸುವ ಕಂಪನಿಯ ಮಾನ್ಯ ವ್ಯವಸ್ಥಾಪಕರೇ,

ತಾವು, ತಮ್ಮ ಕುಟುಂಬದವರು, ತಮ್ಮ ಮನೆಯ ಕಿಟಕಿ ಬಾಗಿಲುಗಳು ಎಲ್ಲರೂ ಮೈತುಂಬ ಬಣ್ಣ ಹೊದ್ದು ಕ್ಷೇಮವಾಗಿರಲಿ ಎಂದು ಹಾರೈಸುತ್ತ, ತಮ್ಮ ಅಮೂಲ್ಯ ಸಮಯದಲ್ಲಿ ಹತ್ತು ನಿಮಿಷ ಬೇಡುತ್ತಿದ್ದೇನೆ. ತಮ್ಮ ಲೆಕ್ಕದ ಹತ್ತು ನಿಮಿಷವೆಂದರೆ ನಾಲ್ಕು ದಿನವೆಂದು ಈಗ ಬಲ್ಲೆನಾದ್ದರಿಂದ ಸಾವಕಾಶವಾಗಿಯೇ ಬರೆಯುತ್ತೇನೆ.

ತಮ್ಮ ಡಬ್ಬಿಯ ಮೇಲೆ, "ಹತ್ತೇ ನಿಮಿಷ ಸಾಕು" ಎಂಬ ಬರಹದಡಿ, ಇಸ್ತ್ರಿ ಮುರಿಯದ ಬಟ್ಟೆಯ ಮಹಿಳೆಯೊಬ್ಬರು ನಗುನಗುತ್ತ ಬಾಗಿಲಿನ ಬಣ್ಣವನ್ನು ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿಯುತ್ತಿದ್ದಾರೆ. ಅವರ ವಿಳಾಸ ದಯಪಾಲಿಸಿ, ಕಾಲಿಗೆ ಬೀಳಬೇಕಾಗಿದೆ. ನನ್ನ ಕೈಯಲ್ಲಿ ತಮ್ಮ ದ್ರಾವಣ ಮೊದಲು ಆ ಮಹಿಳೆಯ ನಗುವನ್ನೇ ಅಳಿಸಿ, ಆಮೇಲೆ ನನ್ನ ಕೈಗವಸಿನ ಎರಡು ಬೆರಳು, ನೆಲದ ಹೊಳಪು, ಯಜಮಾನರ ಚಪ್ಪಲಿಯ ಅಟ್ಟೆಗಳನ್ನು ಮುಗಿಸಿತು. ಬಾಗಿಲಿನ ಹಸಿರು ಬಣ್ಣ ಮಾತ್ರ ಜಪ್ಪಯ್ಯ ಎನ್ನಲಿಲ್ಲ.

ಆ ಬಾಗಿಲು, ಗೋದಾಮಿನಲ್ಲಿ ಗುಮಾಸ್ತರಾಗಿದ್ದ ನಮ್ಮಪ್ಪ ರಜಾದಿನಗಳಲ್ಲಿ ಕೂತು ಸ್ವಂತ ಕೈಯಿಂದ ಮಾಡಿದ್ದು. ಅಪ್ಪಟ ತೇಗ ಎಂದು ಬಂದವರಿಗೆಲ್ಲ ಹೇಳುತ್ತಿದ್ದ ಅವರು ಆ ತೇಗಕ್ಕೆ ಎರಡು ವರ್ಷಕ್ಕೊಮ್ಮೆ ತಪ್ಪದೆ ಬಣ್ಣ ಬಳಿಯುತ್ತಿದ್ದರು. ನಾನು ಹಳೆಯದನ್ನು ಕೆರೆಯಲು ಹೋದರೆ "ಕೆರೀಬೇಡ ಕಣೇ, ಅದರ ಮೇಲೇ ಇನ್ನೊಂದು ಕೈ ಹಚ್ಚು" ಎಂದು ಕೆರೆಯುವ ತಗಡನ್ನು ಕೈಯಿಂದ ಕಸಿದುಕೊಳ್ಳುತ್ತಿದ್ದರು. ತೇಗಕ್ಕೆ ಬಣ್ಣ ಬಳಿಯುವವರ ಬುದ್ಧಿಯನ್ನು ನಾನು ಬಂದವರ ಮುಂದೆಲ್ಲ ಆಡಿಕೊಂಡವಳು. ಅಪ್ಪ ಹೋದ ಮೇಲೆ ಮನೆ ಪಾಲಾದಾಗ, ಅವರೇ ಮಾಡಿದ ಬೀರುವನ್ನು ಅಣ್ಣನಿಗೆ ಬಿಟ್ಟು, ಬಾಗಿಲನ್ನು ಕಿತ್ತು ನಮ್ಮನೆಗೆ ತಂದೆ. "ಬಾಗಿಲು ನನಗಿರಲಿ ಕಣೇ" ಎಂದ ಅಣ್ಣನಿಗೆ ನಾನು ಆಡಿದ ಮಾತುಗಳ ದೆಸೆಯಿಂದ ಒಂಬತ್ತು ವರ್ಷದಿಂದ ನಾವು ಒಬ್ಬರ ಮುಖ ಒಬ್ಬರು ನೋಡಿಲ್ಲ. ಈಗ ಮನೆ ರಿಪೇರಿಯ ನೆಪದಲ್ಲಿ ಆ ತೇಗವನ್ನು ಬಯಲಿಗೆ ತಂದು, ಪಾಲಿಶ್ ಹಾಕಿಸಿ, ಅಣ್ಣನಿಗೊಂದು ಫೋಟೊ ಕಳಿಸಿ ಹೊಟ್ಟೆ ಉರಿಸಬೇಕೆಂಬುದು ನನ್ನ ಘನ ಉದ್ದೇಶವಾಗಿತ್ತು.

ನಾಲ್ಕನೇ ದಿನ ತಮ್ಮ ದ್ರಾವಣ ಕೆಲಸ ಮಾಡಿತು. ನನ್ನ ದೂರು ಇರುವುದೇ ಅದಕ್ಕೆ. ಹಸಿರು, ಅದರಡಿಯ ನೀಲಿ, ಅದರಡಿಯ ಕಂದು ಎಲ್ಲ ಉಬ್ಬಿ ಉದುರಿ, ಕೊನೆಗೆ ಕಂಡದ್ದು ಸರಕು ತುಂಬುವ ಪೆಟ್ಟಿಗೆಯ ಹಲಗೆಗಳು. ಮೊಳೆಯ ತೂತುಗಳಿಗೆಲ್ಲ ಪುಟ್ಟಿ ಮೆತ್ತಿತ್ತು, ನಟ್ಟನಡುವೆ ಗೋದಾಮಿನ ಕಪ್ಪು ಅಚ್ಚಿನಲ್ಲಿ "ಎಚ್ಚರಿಕೆಯಿಂದ" ಎಂಬ ಒಂದೇ ಪದವಿತ್ತು. ಬಡಗಿ ಬಂದು ಬೆರಳಲ್ಲಿ ತಟ್ಟಿ, "ತೇಗ ಅಲ್ಲಕ್ಕಾ. ಆದ್ರೆ ಕೂಡಿಸಿರೋದು ನೋಡಿ, ಸಂದಿಯಲ್ಲಿ ಕೂದಲೂ ತೂರಲ್ಲ" ಎಂದ. ನಾನು ಅಲ್ಲೇ ಕೂತು ಅತ್ತೆ. ತಮ್ಮ ದ್ರಾವಣದ ಘಾಟಿಗೆ ಕಣ್ಣೀರು ಬಂತೆಂದು ಮನೆಯವರಿಗೆ ಹೇಳಿದ್ದೇನೆ. ತಮ್ಮಿಂದ ನನಗಾದ ಉಪಕಾರ ಅದೊಂದೇ.

ಆದ್ದರಿಂದ ತಾವು ದಯಮಾಡಿ, ಉದುರಿದ ಬಣ್ಣವನ್ನು ಪದರ ತಪ್ಪದಂತೆ ಮೊದಲಿನ ಜಾಗದಲ್ಲೇ ಕೂಡಿಸುವ ದ್ರಾವಣವೊಂದನ್ನು ಕೂಡಲೇ ತಯಾರಿಸಬೇಕು. ಹತ್ತೇ ನಿಮಿಷ ಸಾಕು. ಅದು ನಾನು ಅಪ್ಪನನ್ನು ಆಡಿಕೊಂಡ ಮಾತುಗಳ ಮೇಲೂ ಹಚ್ಚಲು ಬರುವಂತಿದ್ದರೆ ಎರಡು ಡಬ್ಬಿ ಕಳಿಸಿ. ಇಷ್ಟು ದೊಡ್ಡ ಕಂಪನಿಗೆ ಅದೂ ಆಗದಿದ್ದರೆ, ಅಡಿಯಲ್ಲಿ ಏನಿದೆಯೆಂದು ತಿಳಿಯದವರು ಇದನ್ನು ಬಳಸಬಾರದು ಎಂದಾದರೂ ಡಬ್ಬಿಯ ಮೇಲೆ ಅಚ್ಚು ಹಾಕಿಸಿ, ತಮ್ಮ ದ್ರಾವಣ ಮುಟ್ಟದ ಜಾಗ ಸಿಕ್ಕಿದರೆ.

ಇಷ್ಟಾದ ಮೇಲೂ ತಮ್ಮ ವಿಶ್ವಾಸಿ,
ತೇಗದ ಬಾಗಿಲಿನ ಮಾಜಿ ಒಡತಿ

ಮರೆತ ಮಾತು: ಆ ಬಣ್ಣಗೆಟ್ಟ ಹಲಗೆಗಳ ಫೋಟೊವನ್ನೇ ಅಣ್ಣನಿಗೆ ಕಳಿಸಿಯೇಬಿಟ್ಟೆ. ಅವನಿಂದ ಬಂದದ್ದೂ ಒಂದು ಫೋಟೊ: ಅವನ ಪಾಲಿನ ಬೀರು, ಬಣ್ಣ ಕಿತ್ತದ್ದು, ಅದೇ ಹಲಗೆ, ಅದೇ ಕಪ್ಪು ಅಚ್ಚಿನಲ್ಲಿ "ಇಳಿಸಿ" ಎಂಬ ಪದ. ಕೆಳಗೆ, "ನಿನಗೆ ಹೇಗೆ ಹೇಳೋದು ಅಂತ ಒಂದು ವರ್ಷದಿಂದ ಸುಮ್ನಿದ್ದೆ ಕಣೇ" ಎಂದಿತ್ತು. ಭಾನುವಾರ ಹಸಿರು ಬಣ್ಣದ ಡಬ್ಬಿ ಹಿಡಿದು ಬರುತ್ತಾನಂತೆ. ಒಂಬತ್ತು ವರ್ಷಗಳ ನಂತರ ನಾನು ಅವನನ್ನು ಕೇಳಿದ ಮೊದಲ ಪ್ರಶ್ನೆ, ಆ ಬಣ್ಣ ತಮ್ಮ ಕಂಪನಿಯದಲ್ಲ ತಾನೇ ಎಂದು.