ಆಂಗ್ಲ ಕಾದಂಬರಿಕಾರ್ತಿಯನ್ನು ನಾನು ಪರಿಚಯಿಸಿದ್ದು

ಸಾಹಿತಿಯ ಬದುಕನ್ನು ಅರಿಯದವನಿಗೆ ಸಾಹಿತಿಯ ಬರಹ ದಕ್ಕುವುದಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ಈ ನಂಬಿಕೆಯ ಆಧಾರದ ಮೇಲೆ ಸಿಡ್ನಿಯಲ್ಲಿ ಅನೇಕ ಭಾಷಣ ಮಾಡಿದ್ದೇನೆ. ಮೆಲ್ಬರ್ನ್‌ನಲ್ಲಿ ಒಂದೇ ಮಾಡಿದ್ದು. ಅಲ್ಲಿನವರು ಮತ್ತೆ ಕರೆದಿಲ್ಲ.

ನಡೆದದ್ದನ್ನು ಜನ ತಮಗೆ ಬೇಕಾದಂತೆ ಹೇಳಿಕೊಂಡು ನಗುತ್ತಿರುವುದರಿಂದ, ಸತ್ಯ ಏನೆಂದು ನಾನೇ ಬರೆಯಬೇಕಾಗಿದೆ.

ನನ್ನ ಹೆಂಡತಿ ವಿಮಲಾ ಒಬ್ಬ ಬ್ರಿಟಿಷ್ ಕಾದಂಬರಿಕಾರ್ತಿಯ ಭಕ್ತೆ. ಆಕೆ ದೊಡ್ಡ ಪ್ರಶಸ್ತಿ ಪಡೆದವರು, ವಯಸ್ಸಾದವರು. ಅವರ ಒಂದೊಂದು ಪುಸ್ತಕವನ್ನೂ ವಿಮಲಾ ಸಿಡ್ನಿಯ ಬಡಾವಣೆಯಾದ ಲಿವರ್‌ಪೂಲ್‌ನ ನಮ್ಮ ಮನೆಯಲ್ಲಿ ಸಾರು ಉಕ್ಕಿದ್ದೂ ತಿಳಿಯದಂತೆ ಓದಿದ್ದಾಳೆ. ಆ ಲೇಖಕಿ ಮೆಲ್ಬರ್ನ್‌ಗೆ ಬರುತ್ತಾರೆಂದು ತಿಳಿದು ವಿಮಲಾ ಅವರಿಗೊಂದು ಇಮೇಲ್ ಬರೆದಳು. ಅಲ್ಲಿನ ನಮ್ಮ ಕನ್ನಡ ಓದುಗರ ಕೂಟಕ್ಕೆ ಒಂದು ಸಂಜೆ ಬರುತ್ತೀರಾ ಎಂದು ಕೇಳಿದಳು. ಅವರು ಒಪ್ಪಿಬಿಟ್ಟರು!

ಕಾರ್ಯಕ್ರಮ ಮೆಲ್ಬರ್ನ್ ಹೊರವಲಯದ ಕ್ಲೈಡ್ ನಾರ್ತ್‌ನ ಸಭಾಂಗಣದಲ್ಲಿ. ವ್ಯವಸ್ಥೆ ಉಡುಪಿಯ ಪ್ರಸನ್ನ ಶೆಟ್ಟಿಯದು. ಅವನು ಫೋನ್ ಮಾಡಿದ್ದು ನನಗೆ.

"ಅಂಕಲ್, ಲೇಖಕಿಯ ಬದುಕು-ಬರಹದ ಬಗ್ಗೆ ನೀವೇ ಮಾತಾಡ್ಬೇಕು ಮಾರಾಯ್ರೆ. ಆಂಟಿ ಹೇಗೂ ಪುಸ್ತಕ ಎಲ್ಲ ಓದಿದ್ದಾರಲ್ಲ, ಹೆಲ್ಪ್ ಮಾಡ್ತಾರೆ."

ಇದರಲ್ಲಿ ನನಗೆ ಅಸಹಜವೇನೂ ಕಾಣಲಿಲ್ಲ. ಓದುವುದಕ್ಕೆ ಕಣ್ಣಿದ್ದರೆ ಸಾಕು. ಪರಿಚಯಿಸುವುದಕ್ಕೆ ಗಂಟಲು ಬೇಕು. ನಾನು ಧಾರವಾಡದವನು.

ವಿಮಲಾ ಬೇಸರ ತೋರಿಸಲಿಲ್ಲ. "ನೀವ ಮಾತಾಡ್ರಿ," ಎಂದಳು. "ನಂದು ಒಂದ ಪ್ರಶ್ನಿ ಅದ. ಆ ಪ್ರಶಸ್ತಿ ಬಂದ ಕಾದಂಬರ್ಯಾಗ ಮನಿ ಮಾರಿದ ಮ್ಯಾಲೂ ಆ ಹೆಂಗಸು ಕೀಲಿಕೈ ಯಾಕ ಇಟ್ಕೊಂಡಳು ಅಂತ ಕೇಳಬೇಕು. ಅದಕ್ಕಷ್ಟು ಟೈಮ್ ಉಳಸ್ರಿ."

ಅವಳು ಈ ಪ್ರಶ್ನೆಯನ್ನು ವರ್ಷಗಳಿಂದ ಹೊತ್ತು ತಿರುಗುತ್ತಿದ್ದಳು. ಧಾರಾಳವಾಗಿ ಉಳಿಸುತ್ತೇನೆಂದು ಮಾತು ಕೊಟ್ಟೆ.

ಸಿಡ್ನಿಯಿಂದ ಕಾರಿನಲ್ಲೇ ಹೊರಟೆವು. ವಿಮಲಾ ಕಾರು ಓಡಿಸಿದಳು. ನಾನು ಪಕ್ಕದಲ್ಲಿ ಕುಳಿತು, ಪ್ರಶಸ್ತಿ ಬಂದ ಕಾದಂಬರಿಯನ್ನು ತೆರೆದೆ. ಮೊದಲ ಪುಟದಲ್ಲೇ ಬರೆದಿದ್ದರು: ನನ್ನ ಗಂಡನನ್ನು ಮಣ್ಣು ಮಾಡಿ ಬಂದ ಸಂಜೆ ಅವನ ಕೋಟನ್ನು ಎಲ್ಲಿ ನೇತುಹಾಕಬೇಕೆಂದು ತಿಳಿಯಲಿಲ್ಲ, ಎಂದು. ಸ್ಪಷ್ಟವಾಗಿ, "ನನ್ನ ಗಂಡ" ಎಂದು. ನನ್ನ ಕಣ್ಣು ಮಂಜಾಯಿತು. ನೋವಿಲ್ಲದೆ ಸಾಹಿತ್ಯವಿಲ್ಲವೆಂದು ನಾನು ಹೇಳುತ್ತಲೇ ಬಂದದ್ದು ಸುಳ್ಳೇ? ಮುಂದಿನ ಕಥೆ ಹೇಳಲೇನು ಎಂದು ವಿಮಲಾ ಕೇಳಿದಳು. ಲೇಖಕಿಯ ಅಂತರಂಗವೇ ಕೈಗೆ ಸಿಕ್ಕಿರುವಾಗ ಕಥೆ ಏಕೆ ಎಂದು ಹೇಳಿ ನಿದ್ದೆ ಮಾಡಿದೆ.

ಸಭಾಂಗಣ ತುಂಬಿತ್ತು. ಅದೇ ರಾತ್ರಿ ಲೇಖಕಿ ವಿಮಾನ ಹಿಡಿಯಬೇಕಿತ್ತು. ಇದನ್ನು ಶೆಟ್ಟಿ ನನಗೆ ಹೇಳಿದ್ದ. ನಾನು ಕೇಳಿಸಿಕೊಂಡೂ ಇದ್ದೆ. ಆದರೆ ವಿಮಾನಕ್ಕೆ ಹೆದರಿ ಮಾತನಾಡುವವನು ಭಾಷಣಕಾರನಲ್ಲ.

ನಾನು ಕನ್ನಡದಲ್ಲೇ ಮಾತನಾಡಿದೆ. ಅದು ನನ್ನ ತತ್ವ. ಆಂಗ್ಲ ಸಾಹಿತ್ಯದ ಉಗಮದಿಂದ ಆರಂಭಿಸಿದೆ. ಲೇಖಕಿ ತಮ್ಮ ಹೆಸರು ಬಂದಾಗಲೆಲ್ಲ ಕೈ ಮುಗಿಯುತ್ತಿದ್ದರು. ಅವರ ಜನನಕ್ಕೆ ಬರುವಷ್ಟರಲ್ಲಿ ಶೆಟ್ಟಿಯಿಂದ ಚೀಟಿ ಬಂತು. ಚೀಟಿ ಬಂದರೆ ಭಾಷಣ ಕಾವೇರಿದೆ ಎಂದರ್ಥ. ಜೇಬಿಗೆ ಹಾಕಿಕೊಂಡೆ.

ಆಮೇಲೆ ಅವರ ವೈಧವ್ಯಕ್ಕೆ ಬಂದೆ. ಆ ಕೋಟು, ಆ ಖಾಲಿ ಮನೆ, ಆ ಒಂಟಿ ಕೈಯಲ್ಲಿ ಹಿಡಿದ ಲೇಖನಿ! ಮುಂದಿನ ಸಾಲಿನಲ್ಲಿ ವಿಮಲಾ ಜೋರಾಗಿ ತಲೆ ಅಲ್ಲಾಡಿಸುತ್ತಿದ್ದಳು. ದುಃಖ ತಡೆಯಲಾಗುತ್ತಿಲ್ಲವೆಂದುಕೊಂಡೆ. ನನಗೂ ತಡೆಯಲಾಗಲಿಲ್ಲ. ಲೇಖಕಿಯ ದಿವಂಗತ ಪತಿಯ ಆತ್ಮಶಾಂತಿಗಾಗಿ ಒಂದು ನಿಮಿಷ ಮೌನ ಆಚರಿಸೋಣವೆಂದು ಎಲ್ಲರನ್ನೂ ಎಬ್ಬಿಸಿ ನಿಲ್ಲಿಸಿದೆ.

ಎಲ್ಲರೂ ಎದ್ದರು. ಲೇಖಕಿಯೂ ಎದ್ದರು. ಎಲ್ಲರಿಗಿಂತ ಹೆಚ್ಚು ಭಕ್ತಿಯಿಂದ ತಲೆ ಬಾಗಿಸಿದವರು ವಿಮಲಾಳ ಪಕ್ಕದಲ್ಲಿದ್ದ, ಎತ್ತರದ ಒಬ್ಬ ಬಿಳಿಯ ವೃದ್ಧರು. ಲೇಖಕಿಯ ಕೋಟು ಅವರ ತೋಳಿನ ಮೇಲಿತ್ತು. ಪ್ರಕಾಶಕರ ಕಡೆಯವರಿರಬೇಕು, ಎಂಥ ಸಂಸ್ಕಾರವಂತರು ಎಂದು ಮೆಚ್ಚಿಕೊಂಡೆ.

ಮೌನ ಮುಗಿದೊಡನೆ ವಿಮಲಾ ನೀರಿನ ಲೋಟ ಹಿಡಿದು ವೇದಿಕೆಗೆ ಬಂದು ನನ್ನ ಕಿವಿಯ ಹತ್ತಿರ ಬಾಗಿದಳು.

"ಅವರ ಯಜಮಾನ್ರು ನನ್ನ ಬಾಜೂಕ ಕೂತಾರ್ರೀ. ಎರಡನೇ ಸರ್ತಿ ಗೋಳಿಬಜೆ ಹಾಕಿಸ್ಕೊಂಡಾರ."

ಈಗ ನಾನು ಓದುಗರನ್ನು ಕೇಳುತ್ತೇನೆ: ಇದರಲ್ಲಿ ನನ್ನ ತಪ್ಪೇನು? ಹೆಂಡತಿ "ನನ್ನ ಗಂಡ ಸತ್ತ" ಎಂದು ಊರಿಗೆಲ್ಲ ತಿಳಿಯುವಂತೆ ಅಚ್ಚು ಹಾಕಿಸಿ, ಅದಕ್ಕೆ ಪ್ರಶಸ್ತಿಯನ್ನೂ ಪಡೆದ ಮೇಲೆ, ಮರ್ಯಾದಸ್ಥ ಗಂಡನಾದವನು ಸಭೆಗಳಿಗೆ ಬರಬಹುದೇ? ಇನ್ನು ಸಭಿಕರು! ಆ ಯಜಮಾನರನ್ನು ಬಾಗಿಲಲ್ಲಿ ಎದುರುಗೊಂಡು ಕೈ ಕುಲುಕಿದ ಮಹನೀಯರಾದರೂ ಬಾಯಿ ಬಿಡಬಹುದಿತ್ತು. ಆಮೇಲೆ ಕೇಳಿದರೆ, ಅಂಕಲ್ ಅಷ್ಟು ಗಂಭೀರವಾಗಿ ಹೇಳಿದ ಮೇಲೆ ಮೊದಲನೇ ಗಂಡ ಇರಬೇಕು ಎಂದುಕೊಂಡೆವು ಎಂದರು.

ಆದರೂ ನಾನು ಎದೆಗುಂದಲಿಲ್ಲ. ಆತ್ಮಶಾಂತಿ ಕೋರಿದ ಬಾಯಲ್ಲೇ ಆಯುರಾರೋಗ್ಯ ಕೋರಿ, ಆ ವೃದ್ಧರನ್ನು ವೇದಿಕೆಗೆ ಕರೆದು, ಲೇಖಕಿಗೆಂದು ತಂದಿದ್ದ ಶಾಲನ್ನು ಅವರಿಗೇ ಹೊದಿಸಿದೆ. ಅವರಿಗೆ ಶಾಲು ಹೊದಿಸಿದ ಮೇಲೆ ಲೇಖಕಿಯನ್ನು ಬಿಡಲಾದೀತೆ? ಮೈಸೂರು ಪೇಟ ತೊಡಿಸಿದೆವು. ಅದು ದೊಡ್ಡದಾಗಿ ಕನ್ನಡಕದವರೆಗೂ ಇಳಿಯಿತು. ಹಣ್ಣಿನ ಬುಟ್ಟಿ ಕೊಟ್ಟೆವು. ಬುಟ್ಟಿ ಹಿಡಿದವರ ಜೊತೆ ಒಂದೊಂದು ಕುಟುಂಬವೂ ಫೋಟೊ ತೆಗೆಸಿಕೊಂಡಿತು. ಲೇಖಕಿ ಪೇಟವನ್ನು ಮೇಲಕ್ಕೆ ತಳ್ಳಿ, ಕೈಚೀಲದಿಂದ ತಮ್ಮ ಭಾಷಣದ ಹಾಳೆಗಳನ್ನು ತೆಗೆದರು. ಹೊರಗೆ ವಿಮಾನ ನಿಲ್ದಾಣದ ಕಾರು ಬಂದು ನಿಂತಿತು.

ಶೆಟ್ಟಿ ಮೈಕ್ ಕಸಿದುಕೊಂಡು ವಂದನಾರ್ಪಣೆ ಮಾಡಿದ. ಲೇಖಕಿ ಹಾಳೆಗಳನ್ನು ಮಡಚಿ ಒಳಗಿಟ್ಟುಕೊಂಡು "ಥ್ಯಾಂಕ್ ಯೂ" ಎಂದರು. ಅವರ ಬದುಕು-ಬರಹದ ಬಗ್ಗೆ ಅವರಿಂದ ನಾವು ಕೇಳಿದ್ದು ಇಷ್ಟೇ.

ನಾನು ವಿಮಲಾಳ ಮುಖ ನೋಡುವ ಧೈರ್ಯ ಮಾಡಲಿಲ್ಲ. ನೋಡಿದ್ದರೂ ಕಾಣುತ್ತಿರಲಿಲ್ಲ. ಅವಳು ಹಣ್ಣಿನ ಬುಟ್ಟಿಯನ್ನು ಲೇಖಕಿಯ ಕೈಯಿಂದ ತಾನು ತೆಗೆದುಕೊಂಡು, ಅವರ ಹಿಂದೆಯೇ ನಡೆದು, ಯಾರನ್ನೂ ಕೇಳದೆ ಆ ಕಾರು ಹತ್ತಿಬಿಟ್ಟಿದ್ದಳು.

ನಾನು ಸಭಾಂಗಣದ ಕುರ್ಚಿಗಳನ್ನು ಮಡಚಿ ಗೋಡೆಗೆ ಒರಗಿಸಿದೆ. ಬೇರೆ ಕೆಲಸವನ್ನು ಶೆಟ್ಟಿ ಕೊಡಲಿಲ್ಲ.

ವಿಮಲಾ ನಿಲ್ದಾಣದಿಂದ ಟ್ಯಾಕ್ಸಿಯಲ್ಲಿ ಬಂದಾಗ ಅವಳ ಮುಖ ನಮ್ಮ ಮದುವೆಯಲ್ಲೂ ನಾನು ಕಾಣದಷ್ಟು ಬೆಳಗುತ್ತಿತ್ತು. ಕಾರಿನಲ್ಲಿ ದಾರಿಯುದ್ದಕ್ಕೂ ಮಾತಾಡಿದರಂತೆ. ಆ ಮೌನ ಯಾರಿಗಾಗಿ ಎಂದು ಯಜಮಾನರು ಕೇಳಿದ್ದಕ್ಕೆ ವಿಮಲಾ ನಿಜ ಹೇಳಿದಳಂತೆ. ಲೇಖಕಿ ನಕ್ಕು ನಕ್ಕು ಪೇಟ ಬೀಳಿಸಿಕೊಂಡರಂತೆ.

"ಕೀಲಿಕೈ ಯಾಕಂತೆ?" ಎಂದು ಕೇಳಿದೆ.

"ಪುಸ್ತಕ ಓದ್ರಿ."

ಈಗ ಓದುತ್ತಿದ್ದೇನೆ. ಮುಂದಿನ ಸಭೆಯಲ್ಲಿ ಪರಿಚಯ ಮಾಡುವವಳು ವಿಮಲಾ.

ಲೇಖಕಿಯ ಯಜಮಾನರು ಆರೋಗ್ಯವಾಗಿದ್ದಾರೆ.